ಅಕ್ಕನ ಟ್ಯಾಬಿನ ಹಳದಿ ಗೆರೆಗಳು

ಅಕ್ಕನಿಗೆ ಮರೆವು ಶುರುವಾದಾಗ ಮನೆಯವರೆಲ್ಲ ಗ್ಯಾಸ್ ಒಲೆಯ ಚಿಂತೆ ಮಾಡಿದರು. ನನಗೆ ಅವಳ ಓದಿನ ಚಿಂತೆ. ಬಂಟ್ವಾಳದಲ್ಲಿ ಟೀಚರಾಗಿ ನಿವೃತ್ತಳಾದವಳು, ಓದದೆ ಒಂದು ದಿನ ಕಳೆದವಳಲ್ಲ. ಈಗ ಕಾದಂಬರಿಯ ನಾಲ್ಕನೆಯ ಅಧ್ಯಾಯಕ್ಕೆ ಬರುವಾಗ ಮೊದಲಿನದು ಮರೆತು, "ಈ ಜನ ಎಲ್ಲ ಯಾರು ಮಾರಾಯ್ತಿ?" ಎಂದು ನನಗೆ ಫೋನು ಮಾಡುತ್ತಿದ್ದಳು.

ಮೂಡುಬಿದಿರೆಯಿಂದ ಬಸ್ಸು ಹತ್ತಿ ಹೋಗಿ, ಅವಳು ಕಾದಂಬರಿ ಓದುವ ಟ್ಯಾಬಿನಲ್ಲಿ ಹೈಲೈಟ್ ಮಾಡಲು ಕಲಿಸಿದೆ. ಕತೆ ಮುಂದೆ ಹೋಗುವ ಸಾಲಿಗೆ ಹಳದಿ, ಹೊಸಬರು ಬಂದಲ್ಲಿ ನೀಲಿ. ಆಮೇಲೆ ಪಟ್ಟಿ ತೆರೆದರೆ ಆ ಸಾಲುಗಳೆಲ್ಲ ಒಂದರ ಕೆಳಗೊಂದು ಸಿಗುತ್ತವೆ. ಬೇಕಾದ ಸಾಲನ್ನು ಮುಟ್ಟಿದರೆ ನೇರ ಆ ಪುಟ.

"ಇದೆಲ್ಲ ನನ್ನ ತಲೆಗೆ ಹೋಗುವುದಿಲ್ಲ."

"ಹೋಗ್ತದೆ, ಸುಮ್ಮನೆ ಮಾಡು!" ಎಂದು ರೇಗಿದೆ.

ಹೋಯಿತು. ಬೆಳಿಗ್ಗೆ ಕಾಫಿ ಕುಡಿಯುತ್ತ ಪಟ್ಟಿ ಓದಿ, ನಿನ್ನೆ ನಿಲ್ಲಿಸಿದಲ್ಲಿಂದ ಹೊರಡುತ್ತಿದ್ದಳು. ಫೋನಿನಲ್ಲಿ ಕತೆ ಹೇಳುವಾಗ ಹಿಂದಿನ ಅದೇ ಟೀಚರ್ ಧ್ವನಿ. ನನಗಾದ ಖುಷಿ ಅಷ್ಟಿಷ್ಟಲ್ಲ.

ಕಳೆದ ತಿಂಗಳು ಟ್ಯಾಬ್ ಸರಿಯಾಗಿ ಚಾರ್ಜ್ ಆಗದಾಯಿತು. ನಾಳೆ ಬಂದು ರಿಪೇರಿಗೆ ಕೊಂಡುಹೋಗುತ್ತೇನೆ ಎಂದೆ. ಮರುದಿನ ನಾನು ಹೋಗುವಾಗ ಅದನ್ನು ಒರೆಸಿ, ಬಟ್ಟೆಚೀಲಕ್ಕೆ ಹಾಕಿ ಇಟ್ಟಿದ್ದಳು.

"ಇದಾ, ಒಂದು ಗುರುತೂ ಇಲ್ಲ ನೋಡು. ಹಳದಿ, ನೀಲಿ ಎಲ್ಲ ತೆಗೆದಿದ್ದೇನೆ. ಬೆಳಿಗ್ಗೆಯಿಂದ ಅದೇ ಕೆಲಸ."

ತೆರೆದು ನೋಡಿದೆ. ಪಟ್ಟಿ ಖಾಲಿ. ನಾವು ಸಣ್ಣವರಿದ್ದಾಗ ಶಾಲೆಯ ವರ್ಷ ಮುಗಿದೊಡನೆ ಪಠ್ಯಪುಸ್ತಕದ ಪೆನ್ಸಿಲ್ ಗೆರೆಗಳನ್ನೆಲ್ಲ ರಬ್ಬರಿನಿಂದ ಉಜ್ಜಿ, ಆಚೆಮನೆಯ ಮಕ್ಕಳಿಗೆ ದಾಟಿಸುವುದು ಕ್ರಮ. ಮತ್ತೊಬ್ಬರ ಕೈಗೆ ಹೋಗುವ ಪುಸ್ತಕದಲ್ಲಿ ಗೆರೆ ಕಂಡರೆ ಅಮ್ಮ ಬಿಡುತ್ತಿರಲಿಲ್ಲ. ಎಲ್ಲ ಮರೆತವಳಿಗೆ ಇದೊಂದು ನೆನಪಿರಬೇಕೇ? ಅಯ್ಯೋ ದೇವರೇ, ಏನನ್ನೂ ಅಳಿಸಬೇಡ ಎಂದು ನಾನಾದರೂ ಒಂದು ಮಾತು ಹೇಳಬಾರದಿತ್ತೇ? ಬೈಯಲು ಬಾಯಿ ತೆರೆದವಳು ಅವಳ ಮುಖದ ಸಂತೋಷ ನೋಡಿ, "ಚಂದ ಆಗಿದೆ ಅಕ್ಕ" ಎಂದೆ.

ಟ್ಯಾಬ್ ರಿಪೇರಿಯಾಗಿ ಬಂತು. ಅಕ್ಕ ಕಾದಂಬರಿ ತೆರೆದು ಪಟ್ಟಿಗೆ ಹೋದಳು. ಅಲ್ಲಿ ಏನೂ ಇಲ್ಲ. ಪುಟಗಳನ್ನು ಅತ್ತ ಇತ್ತ ಸರಿಸಿದಳು, ಸ್ವಲ್ಪ ಓದಿದಳು, ಮತ್ತೆ ಸರಿಸಿದಳು. ಕೊನೆಗೆ ಟ್ಯಾಬನ್ನು ನನ್ನ ಮಡಿಲಲ್ಲಿಟ್ಟಳು.

"ಮೊದಲಿಂದ ಶುರು ಮಾಡುವ ಅಕ್ಕ. ಬಣ್ಣ ನಾನೇ ಹಾಕಿ ಕೊಡ್ತೇನೆ."

"ಇದು ನನ್ನದಲ್ಲ ಮಾರಾಯ್ತಿ," ಎಂದಳು. "ನನ್ನದರಲ್ಲಿ ಹಳದಿ, ನೀಲಿ ಎಲ್ಲ ಇತ್ತು. ಅದನ್ನು ಯಾರಿಗೆ ಕೊಟ್ಟೆ ನೀನು?"