ಬೇರು ಕಾಯಿಸಿದ ನೀರು

ಹರಿಹರದಲ್ಲಿ ಹೊಳೆ ಇಳಿದಾಗ ಸೇತುವೆಯ ಕೆಳಗೆ ಸಿಕ್ಕ ಆ ಬೇರಿನ ತುಂಡನ್ನು ನಾನು ದಾವಣಗೆರೆಗೆ ತಂದದ್ದು ಮೀನಿನ ತೊಟ್ಟಿಯ ಅಲಂಕಾರಕ್ಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆಮೇಲೆ ಅದು ಯಾತಕ್ಕೆ ಬಂದಿದೆ ಎನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಕೊನೆಕೊನೆಗೆ ನನಗೂ.

ನನ್ನ ಕೆಲಸ ಹರಿಹರದಲ್ಲಿ, ಮನೆ ದಾವಣಗೆರೆಯಲ್ಲಿ. ಗಾಜಿನ ತೊಟ್ಟಿ ಆಗಲೇ ನಡುಮನೆಗೆ ಬಂದು ಖಾಲಿ ಕೂತಿತ್ತು. ನಮ್ಮದು ಮೊಟ್ಟೆಯೂ ಒಳಗೆ ಬರದ ಮನೆ. ಮೀನು ಸಾಕುತ್ತೇನೆ ಎಂದಾಗ ಹೆಂಡತಿ ನನ್ನ ಮುಖ ನೋಡಿದ್ದಳಷ್ಟೆ. ಅವ್ವನಿಗಂತೂ ನಾನು ಸರಿಯಾಗಿ ಹೇಳಿರಲೇ ಇಲ್ಲ. ಗಾಜಿನ ಪೆಟ್ಟಿಗೆಯನ್ನು ಅವಳು ಶೋಕೇಸ್ ಎಂದುಕೊಂಡಿದ್ದಳು.

ಬೇರನ್ನು ತೊಟ್ಟಿಗೆ ಹಾಕುವ ಮೊದಲು ಹದ ಮಾಡಬೇಕಂತೆ. ಹೇಗೆ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ರಾಗ. ಮೀನಿನ ಅಂಗಡಿಯವನು, "ಕುದಿಸ್ರಿ ಸರ್, ಬಣ್ಣ ಬಿಡೋದು ನಿಲ್ಲೋತನಕ ಕುದಿಸ್ರಿ" ಎಂದ. ಮೊಬೈಲಿನಲ್ಲಿ ನೋಡಿದರೆ ಕುದಿಸಿದರೆ ಕಟ್ಟಿಗೆ ಮೆತ್ತಗಾಗಿ ಕೊಳೆಯುತ್ತದೆ, ಬರೀ ನೆನೆಹಾಕಿ ಎಂದಿತ್ತು. ಇನ್ನೊಂದು ಕಡೆ ಉಪ್ಪು ಹಾಕಿ ಎಂದಿದ್ದರೆ ಮತ್ತೊಂದು ಕಡೆ ಉಪ್ಪು ಮುಟ್ಟಿಸಲೇಬೇಡಿ ಎಂದಿತ್ತು. ಅದು ಯಾವ ಮರದ್ದೆಂಬುದೂ ಬಗೆಹರಿಯಲಿಲ್ಲ. ಹುಣಸೆ ಎಂದರು, ಜಾಲಿ ಎಂದರು. ನನಗೆ ತಲೆ ಕೆಟ್ಟು ಹೋಯಿತು. ಕಡೆಗೆ ಬ್ರಷ್ಷಿನಿಂದ ಮಣ್ಣು ತಿಕ್ಕಿ, ಸಡಿಲ ತೊಗಟೆ ಕೆರೆದು, ಕುದಿಸುವುದೆಂದು ತೀರ್ಮಾನಿಸಿದೆ.

"ಗ್ಯಾಸ್ ಮ್ಯಾಲೆ ಬ್ಯಾಡ್ರಿ. ಹಿತ್ಲಾಗೆ ಏನಾರ ಮಾಡ್ಕಳ್ರಿ" ಎಂದಳು ಹೆಂಡತಿ. ಹಿತ್ತಲಲ್ಲಿ ಇಟ್ಟಿಗೆ ಜೋಡಿಸಿ, ಹಳೆಯ ಪಾತ್ರೆಯ ನೀರಿಗೆ ಬೇರು ಹಾಕಿ ಒಲೆ ಹಚ್ಚಿದೆ. ಅದು ಮುಳುಗಲೊಲ್ಲದು. ಮೇಲೊಂದು ಕಲ್ಲು ಹೇರಿದೆ. ನೀರು ಚಹಾದ ಬಣ್ಣಕ್ಕೆ ತಿರುಗಿತು. ಅದನ್ನು ಬಕೆಟ್ಟಿಗೆ ಬಸಿದು, ಪಾತ್ರೆಗೆ ಹೊಸ ನೀರು ತುಂಬಿ, ಬಸ್ಸಿಗೆ ಹೊತ್ತಾಯಿತೆಂದು ಓಡಿದೆ.

ಸಂಜೆ ಬಂದಾಗ ಅವ್ವ ಹಿತ್ತಲ ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದಳು. ಮುಖದಲ್ಲಿ ಗೆಲುವಿತ್ತು.

"ಮಂಡಿ ಹಗುರಾತು ನೋಡೋ ತಮ್ಮಾ. ಆ ಬಕೆಟ್ ನೀರು ಬಿಸಿಬಿಸಿ ಹೊಯ್ಕಂಡೆ. ಯಾವ ಬೇರೋ ಅದು?"

ನಮ್ಮ ಕಡೆ ಕೀಲುನೋವಿಗೆ ಲಕ್ಕಿ ಸೊಪ್ಪು ಕುದಿಸಿ ಆ ನೀರು ಹೊಯ್ದುಕೊಳ್ಳುವುದು ರೂಢಿ. ಕಂದು ನೀರು ಕಂಡ ಅವ್ವ ಅಂಥದೇ ಎಂದುಕೊಂಡಿದ್ದಳು. "ಹೊಳೇದು" ಎಂದಷ್ಟೇ ಹೇಳಿದೆ. ಅದೇನೂ ಸುಳ್ಳಲ್ಲ.

ಬೇರು ಬಣ್ಣ ಬಿಡುವುದು ನಿಲ್ಲಿಸಲಿಲ್ಲ, ಅವ್ವ ಹೊಯ್ದುಕೊಳ್ಳುವುದು ನಿಲ್ಲಿಸಲಿಲ್ಲ. ನನಗೆ ಒಳಗೊಳಗೇ ಭಯ. ಅಂಗಡಿಯವನನ್ನು ಕೇಳಿದೆ, ಈ ನೀರು ಮನುಷ್ಯರಿಗೆ ಆಗುತ್ತದಾ ಎಂದು. "ಮೀನಿಗೇ ಆಗ್ತೈತೆ ಅಂದ್ಮ್ಯಾಲೆ ಮನುಷ್ಯರಿಗೆ ಯಾಕ ಆಗಂಗಿಲ್ಲ ಸರ್?" ಎಂದ. ಇದು ಉತ್ತರವೋ ತಮಾಷೆಯೋ ತಿಳಿಯದೆ ವಾಪಸ್ಸು ಬಂದೆ.

ವಿಷಯ ಇಷ್ಟಕ್ಕೇ ನಿಂತಿದ್ದರೆ ನಗಬಹುದಿತ್ತು. ಆದರೆ ಅವ್ವನ ಮಂಡಿ ಸವೆದಿತ್ತು. ಆಪರೇಷನ್ ಮಾಡಿಸದಿದ್ದರೆ ಹಾಸಿಗೆ ಹಿಡಿಯುತ್ತಾರೆ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಬಹಳ ಗೋಗರೆದ ಮೇಲೆ, ಅಮಾವಾಸ್ಯೆ ಕಳೆಯಲಿ ಎಂದು ಅವ್ವ ಒಪ್ಪಿದ್ದಳು. ಅಮಾವಾಸ್ಯೆ ಕಳೆದ ಮರುದಿನ, "ಆಪರೇಷನ್ ಬ್ಯಾಡ. ಈ ನೀರಾಗೆ ಗುಣ ಐತೆ" ಎಂದುಬಿಟ್ಟಳು.

"ಹೇಳಿಬಿಡ್ರಿ ಈಗ" ಎಂದು ಹೆಂಡತಿ ಕಣ್ಣು ಬಿಟ್ಟಳು.

ಹೇಳುವುದೇನು? ಆ ನೀರಿನಲ್ಲಿ ಏನೂ ಇಲ್ಲ ಎನ್ನಲೇ? ಅವಳು ಗೋಡೆ ಹಿಡಿಯದೆ ಬಚ್ಚಲಿಗೆ ಹೋಗಿದ್ದನ್ನು ನಾನೇ ನೋಡಿದ್ದೆ. ಬಿಸಿನೀರಿನ ಗುಣವೋ, ಬೇರಿನ ಗುಣವೋ, ಅವಳ ನಂಬಿಕೆಯೋ ನನಗೆ ಇಂದಿಗೂ ಗೊತ್ತಿಲ್ಲ. ಆದರೂ ಆಪರೇಷನ್ ತಪ್ಪಬಾರದು. ಅವಳ ಪಕ್ಕ ಕೂತು ಒಂದೇ ಉಸಿರಿಗೆ ಹೇಳಿದೆ. ಅವ್ವಾ, ಅದು ಔಷಧಿ ಬೇರಲ್ಲ, ಆ ಗಾಜಿನ ಪೆಟ್ಟಿಗೆಯಲ್ಲಿ ಮೀನು ಬಿಡುತ್ತೇನೆ, ಅವುಕ್ಕೆ ಅಂತ ಕುದಿಸುತ್ತಿದ್ದೇನೆ ಎಂದು.

ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಒಲೆಯ ಕಡೆ ನೋಡಿದಳು.

"ಮೀನಿಗಾ?" ಎಂದಳು. "ದಿನಾ ಬೆಳಿಗ್ಗೆದ್ದು ಒಲಿ ಹಚ್ಚೋದು, ನೀರು ಬದ್ಲಿಸೋದು, ಮೂಸಿ ನೋಡೋದು... ನನಗಂತ ಕಾಯಿಸ್ತಿದೀ ಅನ್ಕಂಡಿದ್ದೆ."

ನಾನು ಏನಾದರೂ ಹೇಳಬೇಕಿತ್ತು. ಎದ್ದು ಒಲೆಯ ಮೇಲಿನ ಪಾತ್ರೆ ಇಳಿಸಿದೆ.

"ಆತು ಬಿಡು. ಆಪರೇಷನ್ ಮಾಡ್ಸು" ಎಂದು ಸೆರಗು ಕೊಡವಿ, ಗೋಡೆ ಹಿಡಿದುಕೊಂಡು ಒಳಗೆ ಹೋದಳು.

ನನಗೆ ಬೇಕಾದದ್ದೇ ಆಗಿತ್ತು. ಆದರೂ ಏನೋ ಕಳೆದುಕೊಂಡವನಂತೆ ಆ ರಾತ್ರಿ ಊಟ ಸೇರಲಿಲ್ಲ. ಅವಳ ಮಂಡಿ ನೋಯುವುದು ನನಗೆ ಗೊತ್ತಿತ್ತು. ಆಸ್ಪತ್ರೆ, ಸ್ಕ್ಯಾನಿಂಗ್, ಮಾತ್ರೆ ಯಾವುದಕ್ಕೂ ಕಡಿಮೆ ಮಾಡಿರಲಿಲ್ಲ. ಒಂದು ಬಕೆಟ್ ನೀರು ಕಾಯಿಸಿಕೊಡಬೇಕು ಎಂದು ಮಾತ್ರ ಹೊಳೆದಿರಲಿಲ್ಲ.

ಮರುದಿನ ರಜೆ ಹಾಕಿದೆ. ಹದಡಿ ರಸ್ತೆಯ ಹೊಲದ ಬೇಲಿಯಿಂದ ಒಂದು ಹೊರೆ ಲಕ್ಕಿ ಸೊಪ್ಪು ಮುರಿದು ತಂದೆ. ಬೇರನ್ನು ತೆಗೆದು ಬದಿಗಿಟ್ಟು, ಪಾತ್ರೆ ಉಜ್ಜಿ, ಸೊಪ್ಪು ಹಾಕಿ ಕುದಿಸಿದೆ. ಘಾಟು ಮನೆಯ ತುಂಬಾ ಹರಡಿತು. ಅವ್ವ ನಿಧಾನಕ್ಕೆ ಹಿತ್ತಲ ಬಾಗಿಲಿಗೆ ಬಂದು ನಿಂತಳು. ನಾನು ಬಕೆಟ್ಟಿಗೆ ಬಸಿದು ಅವಳ ಮುಂದೆ ಇಟ್ಟೆ.

ಅವಳು ಬಗ್ಗಿ ನೀರು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಇದು ಯಾರಿಗೆ?" ಎಂದು ಕೇಳಿದಳು.