ಮಲತಾಯಿಯಾಗಲು ಕೋಲ್ಕತ್ತಾಕ್ಕೆ

ಮಧ್ಯಾಹ್ನ ಹೌರಾದಲ್ಲಿ ಇಳಿಯುವಷ್ಟರಲ್ಲಿ ಸೆಕೆಗೆ ಸೀರೆ ಮೈಗೆ ಅಂಟಿತ್ತು. ನಾನು ಬಂದದ್ದು ಊರು ನೋಡಲಿಕ್ಕಲ್ಲ, ಗಂಡು ನೋಡಲಿಕ್ಕೆ. ನನಗೆ ನಲವತ್ತೊಂದು ವರ್ಷ. ಮೈಸೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಗಂಡು ಧಾರವಾಡದ ಶ್ರೀಧರ್, ಸಾಲ್ಟ್ ಲೇಕಿನ ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಅಧಿಕಾರಿ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿದೆ. ಅಪ್ಪನ ಜೊತೆ ಹನ್ನೆರಡರ ಮಗಳು ಮೇಘನಾಳೂ ಸ್ಟೇಷನ್ನಿಗೆ ಬಂದಿದ್ದಳು. ಕನ್ನಡದಲ್ಲಿ ಮಾತಾಡಿಸಿದರೆ ಅಪ್ಪನ ಮುಖ ನೋಡಿದಳು. ಇಲ್ಲೇ ಬೆಳೆದವಳು, ಕನ್ನಡ ಬಾರದೆಂದು ನಾನೇ ತೀರ್ಮಾನಿಸಿ ಹರಕುಮುರುಕು ಹಿಂದಿಗೆ ಇಳಿದೆ.

ನದಿಯ ಕೆಳಗೆ ಹಾಯುವ ಮೆಟ್ರೊದಲ್ಲಿ ಸಾಲ್ಟ್ ಲೇಕಿಗೆ ಅರ್ಧ ಗಂಟೆ. ಶ್ರೀಧರ್ ನನ್ನ ಚೀಲ ಹೊತ್ತುಕೊಂಡರು. ಹೆಣ್ಣಿನೆದುರು ಹುಲ್ಲುಕಡ್ಡಿ ತಂದಿಡುವ ಗಂಡುಹಕ್ಕಿ ನೆನಪಾಗಿ ನಗು ಬಂತು. ಮನುಷ್ಯರ ನಡತೆಯನ್ನೆಲ್ಲ ವಿಕಾಸವಾದದಿಂದ ಬಿಡಿಸಿ ನೋಡುವುದು ನನ್ನ ಹಳೆಯ ಚಟ.

ಗೆಸ್ಟ್‌ಹೌಸಿನಲ್ಲಿ ಆ ಚಟ ನನಗೇ ತಿರುಗಿಕೊಂಡಿತು. ಜೀವಿ ಬೆವರು ಸುರಿಸುವುದು ತನ್ನ ಮರಿಗಾಗಿ, ಪರರ ಮರಿಗೇಕೆ? ಹೊಸ ಗಂಡುಸಿಂಹ ಬಂದರೆ ಗುಂಪಿನ ಹಳೆಯ ಮರಿಗಳು ಉಳಿಯುವುದು ಕಷ್ಟವೆಂದು ವರ್ಷಾವರ್ಷ ಪಾಠ ಮಾಡಿದವಳು ನಾನು. ಶ್ರೀಧರ್ ಹಿಡಿಸಿದ್ದರು. ಹುಡುಗಿಯ ಮೇಲೆ ಮಾತ್ರ ಮನಸ್ಸಿನಲ್ಲಿ ಏನೂ ಹುಟ್ಟಿರಲಿಲ್ಲ. ಕೂತರೆ ನಿಲ್ಲಬೇಕೆನಿಸಿತು, ನಿಂತರೆ ನಡೆಯಬೇಕೆನಿಸಿತು. ಒಂದು ದಿನ ಮೊದಲೇ ಹೊರಡಲು ರೈಲಿದೆಯೇ ಎಂದೂ ಹುಡುಕಿದೆ.

ಮರುದಿನ ಮೂವರೂ ಬಸ್ಸಿನಲ್ಲಿ ಲೇಕ್ ಮಾರ್ಕೆಟ್ಟಿಗೆ ಹೋದೆವು. ಶ್ರೀಧರ್ ಕಾಫಿಪುಡಿಗೆಂದು ಅಂಗಡಿಯೊಳಗೆ ನಿಂತರು. ನಾವಿಬ್ಬರೂ ಹೊರಗೆ ಝಾಲ್‌ಮುರಿ ತಿನ್ನುತ್ತಿದ್ದೆವು. ನಮ್ಮ ಚುರುಮುರಿಯೇ, ಸಾಸಿವೆ ಎಣ್ಣೆಯ ಘಾಟು ಹೆಚ್ಚು. ಆಗ ಅಕ್ಕನ ಫೋನು ಬಂತು.

"ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ. ನಾನು ಹೆತ್ತಿಲ್ವಲ್ಲಕ್ಕ," ಎಂದೆ. "ಪಾಪದ ಮಗು ಕಣಕ್ಕ. ಆದ್ರೆ ಪ್ರೀತಿ ಬರದೇ ಹೋದ್ರೆ? ಅದು ಮೈಯಲ್ಲೇ ಇರಬೇಕಾದ್ದು. ನನಗೆ ಭಯ."

ಪಕ್ಕದಲ್ಲೇ ಮೇಘನಾ ಪೊಟ್ಟಣದ ತಳದ ಕಡಲೆ ಹೆಕ್ಕುತ್ತಿದ್ದಳು. ಆಮೇಲೆ ದಿನವಿಡೀ ಹಿಂದಿಯಲ್ಲೂ ಮಾತಾಡಲಿಲ್ಲ. ಬಿಸಿಲಿಗೆ ಸುಸ್ತಾಗಿರಬೇಕು ಎಂದುಕೊಂಡೆ.

ಮೂರನೆಯ ದಿನ ಬೆಳಿಗ್ಗೆಯ ರೈಲು. ಬೀಳ್ಕೊಡಲು ಇಬ್ಬರೂ ಸ್ಟೇಷನ್ನಿಗೆ ಬಂದಿದ್ದರು. ಶ್ರೀಧರ್ ನೀರಿನ ಬಾಟಲಿ ತರಲು ಹೋದಾಗ ಹುಡುಗಿ ನನ್ನ ಕಡೆ ತಿರುಗಿದಳು.

"ಆಂಟಿ, ಫೋನಿನ್ಯಾಗ ಹೇಳಿದ್ದು ನನಗ ಕೇಳಿಸ್ತು." ಅಚ್ಚ ಧಾರವಾಡದ ಕನ್ನಡ, ಸ್ವಲ್ಪ ತಡವರಿಕೆ. "ಮತ್ತ... ಆಯ್ ಮೀನ್, ನನಗ ನಿಮ್ಮ ಮ್ಯಾಲೆ ಪ್ರೀತಿ ಬರಲಿಲ್ಲಂದ್ರ?"

ನಾಚಿಕೆಯಾಯಿತು. ನನ್ನ ಸಿದ್ಧಾಂತದಲ್ಲಿ ಪ್ರೀತಿಸಬೇಕಾದವಳು ನಾನೊಬ್ಬಳೇ. ಮಗುವಿಗೂ ಒಂದು ಆಯ್ಕೆ ಇರಬಹುದೆಂದು ಹೊಳೆದೇ ಇರಲಿಲ್ಲ.

"ಗೊತ್ತಿಲ್ಲ ಕಣಮ್ಮ," ಎಂದೆ. "ನಿಜವಾಗ್ಲೂ ಗೊತ್ತಿಲ್ಲ."

ಅವಳು ತುಸು ಯೋಚಿಸಿ, "ನೀವು ಮತ್ತ ಬರ್ರಿ. ನೋಡೂಣಂತ," ಎಂದಳು. ಅಷ್ಟರಲ್ಲಿ ಶ್ರೀಧರ್ ಬಂದರು. ರೈಲು ಹೊರಟಿತು. ಗಾಜಿನಾಚೆ ಅವಳು ಕೈ ಬೀಸಲಿಲ್ಲ, ನೋಡುತ್ತ ನಿಂತಿದ್ದಳು.

ಖರಗ್‌ಪುರ ಬರುವ ಮೊದಲೇ ಅಕ್ಕನಿಗೆ ಫೋನ್ ಮಾಡಿ, ನನಗೆ ಒಪ್ಪಿಗೆ ಎಂದೆ.

"ಅಂತೂ ಒಪ್ಪಿದ್ಯಲ್ಲ! ಹಾಗಾದ್ರೆ ಮದುವೆ ಗಟ್ಟಿ ಅನ್ನು."

"ಇನ್ನೂ ಇಲ್ಲಕ್ಕ," ಎಂದೆ. "ಹುಡುಗಿ ಒಪ್ಪಬೇಕು."