ತಪಾಸಣೆಗೆ ಮುಂಚಿನ ವಾರ

ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದವನು ನಾನು. ಆಡಿಟ್‌ನವರು ಬರುವ ವಾರ ನೆಲಕ್ಕೆ ಬಣ್ಣ ಬಳಿದು, ಮೆಷಿನ್ ಒರೆಸಿ, ಬಾಕಿ ಉಳಿದ ರಿಜಿಸ್ಟರಿಗೆಲ್ಲ ಸಹಿ ಹಾಕುತ್ತಿದ್ದೆವು. ಅವರು ಹೋದ ಮರುದಿನ ಎಲ್ಲ ಯಥಾಪ್ರಕಾರ. ಇದೇ ಬುದ್ಧಿಯನ್ನು ನನ್ನ ರಕ್ತದ ವಿಷಯದಲ್ಲೂ ತೋರಿಸಿದೆ ನೋಡಿ, ಅಲ್ಲೇ ಕೆಟ್ಟಿದ್ದು.

ರಿಟೈರ್ ಆದ ವರ್ಷ ನನ್ನ ಎದೆಬಡಿತ ತಾಳ ತಪ್ಪಿತು. ಇಂಥ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ ಎಂದು ಡಾಕ್ಟರು ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟರು. ತಿಂಗಳಿಗೊಮ್ಮೆ ರಕ್ತಪರೀಕ್ಷೆ. ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಅಂಕಿ ಎರಡರಿಂದ ಮೂರರೊಳಗೆ ಇರಬೇಕು. ಸೊಪ್ಪು ಜಾಸ್ತಿಯಾದರೆ ಮಾತ್ರೆ ನಾಟುವುದಿಲ್ಲ, ಅಂಕಿ ಇಳಿಯುತ್ತದೆ ಎಂದೂ ಹೇಳಿದರು. ತಲೆಯಾಡಿಸಿ ಬಂದೆ.

ಸೊಪ್ಪು ಬಿಡುವುದು ಹೇಗೆ? ಹೆಂಡತಿ ತೀರಿಹೋದ ಮೇಲೆ ನನ್ನ ಮಹಡಿ ಕೋಣೆಯ ಬಾಗಿಲು ಬಡಿಯುತ್ತಿದ್ದವರು ಒಬ್ಬರೇ, ಕೆಳಗಿನ ಮನೆಯ ಓನರ್ ಅಕ್ಕ. ಅವರು ಇದೇ ಊರಿನ ಹಳೇ ಒಕ್ಕಲು. ಹೊಲದ ತುಂಬ ಈಗ ಬಾಡಿಗೆ ಮನೆಗಳು, ಉಳಿದ ಎರಡು ಪಾತಿಯಲ್ಲಿ ದಂಟು, ಸಬ್ಬಸಿಗೆ. ದಿನಾ ಮಧ್ಯಾಹ್ನ ಒಂದು ಬಟ್ಟಲು ಮಸ್ಸೊಪ್ಪು ತರುತ್ತಿದ್ದರು. ಸಂಜೆ ಬಟ್ಟಲು ಒಯ್ಯಲು ಬಂದಾಗ "ಎಂಗಿತ್ತಣ್ಣ?" ಎನ್ನುತ್ತಿದ್ದರು. "ಸಕ್ಕತ್ತಾಗಿತ್ತು ಅಕ್ಕ" ಎನ್ನುತ್ತಿದ್ದೆ. ಎಷ್ಟೋ ದಿನ ನಾನು ಬಾಯಿಬಿಟ್ಟು ಆಡಿದ ಮಾತು ಅದೊಂದೇ. ಅದನ್ನೂ ಕಳೆದುಕೊಳ್ಳಲು ನನಗೆ ಧೈರ್ಯವಿರಲಿಲ್ಲ.

ಹಾಗಾಗಿ ಪರೀಕ್ಷೆಗೆ ಮುಂಚಿನ ವಾರ ಮಾತ್ರ ಸೊಪ್ಪನ್ನು ಬಚ್ಚಲಿಗೆ ಸುರಿಯುತ್ತಿದ್ದೆ. ಸಂಜೆ ತೊಳೆದ ಬಟ್ಟಲು ಕೊಟ್ಟು "ಸಕ್ಕತ್ತಾಗಿತ್ತು" ಎನ್ನುವುದು. ಅಂಕಿ ಎರಡೂವರೆ ಬರುತ್ತಿತ್ತು. ರೋಗಿಗೆ ತೃಪ್ತಿಯಿದೆಯೇ ಎಂದು ಕೇಳುವ ಫಾರಂ ಒಂದನ್ನು ಆಸ್ಪತ್ರೆಯಲ್ಲಿ ಕೊಡುತ್ತಿದ್ದರು. ಈ ಚಿಕಿತ್ಸೆಯಿಂದ ಊಟಕ್ಕೆ, ಜನರೊಡನೆ ಒಡನಾಟಕ್ಕೆ ತೊಂದರೆಯಾಗಿದೆಯೇ? ಏನೂ ಇಲ್ಲ ಎಂಬಲ್ಲಿ ಟಿಕ್ ಹಾಕುತ್ತಿದ್ದೆ. ಡಾಕ್ಟರೂ ಖುಷಿ, ನಾನೂ ಖುಷಿ. ಎಂಥಾ ಜಾಣ!

ಹೋದ ವರ್ಷ, ಪರೀಕ್ಷೆ ಮುಗಿದು ಎರಡು ವಾರಕ್ಕೆ, ಅಕ್ಕ ಬಟ್ಟಲು ಚಾಚಿದರು. ನನ್ನ ಬಲಗೈ ಹಿಡಿಯಲಿಲ್ಲ. ಬಟ್ಟಲು ಹೊಸ್ತಿಲ ಮೇಲೆ ಬಿತ್ತು. ಏನೋ ಹೇಳಹೋದರೆ ನಾಲಿಗೆ ತೊದಲಿತು.

"ಅಯ್ಯೋ, ಬಾಯಿ ಸೊಟ್ಟಗಾಯ್ತಾ ಐತಲ್ಲಣ್ಣ!" ಎಂದು ಕೂಗಿ ಅವರೇ ಆಟೋ ಹತ್ತಿಸಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕೈ ಬಂತು, ಮಾತೂ ಬಂತು. ಅಂಕಿ ಮಾತ್ರ ಒಂದೂಕಾಲು.

"ಮಾತ್ರೆ ಬಿಟ್ಟಿದ್ರಾ?" ಎಂದರು ಡಾಕ್ಟರು.

"ಇಲ್ಲ ಸಾರ್," ಅಕ್ಕನೇ ಹೇಳಿದರು. "ಮಾತ್ರೆ ತಪ್ಸಾಕಿಲ್ಲ. ರಕ್ತಕ್ಕೆ ಒಳ್ಳೇದು ಅಂತ ನಾನೂ ದಿನಾ ಸೊಪ್ಪು ಕೊಡ್ತೀನಿ."

ಡಾಕ್ಟರು ನನ್ನ ಕಡೆ ನೋಡಿದರು. ನಿಜ ಹೇಳದಿದ್ದರೆ ಇನ್ನೊಂದು ಸಲ ಈ ಕೈ ವಾಪಸ್ ಬರದಿರಬಹುದು. ಹೇಳಿದರೆ ಅಕ್ಕ ಪಕ್ಕದಲ್ಲೇ ಇದ್ದಾರೆ. ಜೀವಭಯ ದೊಡ್ಡದು, ಹೇಳಿಬಿಟ್ಟೆ. ಬಚ್ಚಲಿನ ವಿಷಯವನ್ನೂ.

"ಸೊಪ್ಪು ಬಿಡಿ ಅಂದೋರ್ಯಾರ್ರೀ?" ಡಾಕ್ಟರು ರೇಗಿದರು. "ದಿನಾ ಒಂದೇ ಅಳತೆ ತಿನ್ನಿ, ಅದಕ್ಕೆ ತಕ್ಕಂಗೆ ಮಾತ್ರೆ ನಾವು ಹೊಂದಿಸ್ತೀವಿ. ಒಂದು ಮಾತು ಕೇಳೋಕೇನಾಗಿತ್ತು?"

ಮೂರನೇ ದಿನ ಮನೆಗೆ ಕಳಿಸಿದರು. ಕರೆದೊಯ್ಯಲು ಅಕ್ಕನೇ ಬಂದಿದ್ದರು. ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆಯ ಕೆಳಗೆ ಆಟೋ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಅವರು ಹೊರಗೆ ನೋಡುತ್ತಲೇ ಅಂದರು, "ಬ್ಯಾಡ ಅಂದಿದ್ರೆ ಬ್ಯಾರೆ ಏನಾರ ಮಾಡ್ಕೊಡ್ತಿದ್ದೆ. ನನ್ ಮೊಕ ನೋಡ್ಕಂಡೇ ಸಕ್ಕತ್ತಾಗಿತ್ತು ಅಂತಿದ್ರಲ್ಲಣ್ಣ."



ಈಗ ಅಂಕಿ ನಿಜವಾಗಿಯೂ ಎರಡೂವರೆ. ಸೊಪ್ಪು ಬರುತ್ತದೆ, ಅದೇ ಬಟ್ಟಲು, ಅದೇ ಅಳತೆ. ಆದರೆ ಅಕ್ಕ ಬಾಗಿಲು ಬಡಿಯುವುದಿಲ್ಲ. ಹೊರಗೆ ತಟ್ಟೆ ಮುಚ್ಚಿಟ್ಟು ಹೋಗುತ್ತಾರೆ. ಸಂಜೆ ತೊಳೆದು ಮೆಟ್ಟಿಲ ಮೇಲಿಟ್ಟರೆ ಯಾವಾಗಲೋ ಒಯ್ದಿರುತ್ತಾರೆ. ಈ ಸಲದ ಫಾರಂನಲ್ಲಿ ಒಡನಾಟದ ಪ್ರಶ್ನೆಯನ್ನು ಖಾಲಿ ಬಿಟ್ಟು ಬಂದೆ.

ನಿನ್ನೆ ಹೆಜ್ಜೆ ಸಪ್ಪಳ ಕೇಳಿ ಬೇಗನೆ ಬಾಗಿಲು ತೆಗೆದೆ. ಅಕ್ಕ ಬಟ್ಟಲಿಗೆ ತಟ್ಟೆ ಮುಚ್ಚುತ್ತಿದ್ದರು.

"ಅಕ್ಕಾ, ನಿನ್ನೇದು ಸಕ್ಕತ್ತಾಗಿತ್ತು. ದೇವರಾಣೆ."

"ಸರಿ ಸಾರ್," ಎಂದು ಅವರು ಕೆಳಗಿಳಿದು ಹೋದರು.